ಬೇಚರಾಕ್ ಕರಿಹೊಂಡ

ನಮ್ಮ ಊರಿನಲ್ಲಿ ಯಾರೂ ಇಲ್ಲ. ಇದು ನನ್ನ ಮಾತಲ್ಲ, ಸರ್ಕಾರದ ಮಾತು. ನಲವತ್ತೆರಡು ಮನೆ ಇವೆ. ಇನ್ನೂರರ ಹತ್ತಿರ ಮಂದಿ ಇದ್ದೇವೆ. ಎಮ್ಮೆ ಹದಿನೇಳು. ಬೋರು ಎರಡು, ಅದರಲ್ಲಿ ಒಂದು ಕೆಟ್ಟು ಕೂತಿದೆ. ಮಾತು ಬಿಟ್ಟ ಅತ್ತೆ ಸೊಸೆಯರು ಏಳೆಂಟು ಜೋಡಿ. ಇಷ್ಟೆಲ್ಲ ಇದ್ದೂ ಯಾರೂ ಇಲ್ಲ.

ನಾನು ಹುಲಗಮ್ಮ. ವಯಸ್ಸು ಮೂವತ್ತಾರು. ಓದಿದ್ದು ಹತ್ತನೇ ಇಯತ್ತೆ. ಜಾತಿ ಮಾದಿಗ. ಕೇಳುವವರು ಹೇಗೂ ಕೇಳುತ್ತಾರೆ, ಮೊದಲೇ ಹೇಳಿಬಿಟ್ಟರೆ ಅವರ ಬಾಯಿ ಉಳಿಯುತ್ತದೆ. ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಜನ ಅನ್ನುತ್ತಾರೆ. ಇದೆ. ಅದನ್ನು ಬೇರೆಲ್ಲಿ ಇಟ್ಟುಕೊಳ್ಳಲಿ, ಮನೆಯಲ್ಲಿ ಜಾಗ ಕಡಿಮೆ.

ಯಲಬುರ್ಗಾ ಕಡೆಯ ಮಂಗಳೂರು ಕೇಳಿರಬೇಕು. ಸಮುದ್ರವಿರುವ ಮಂಗಳೂರಲ್ಲ, ನಮ್ಮದು. ಅಲ್ಲಿಂದ ಮುಂದೆ ಹೋದರೆ ಮುತ್ತಲಗಟ್ಟಿ ಎಂಬ ದೊಡ್ಡ ಊರು. ಮುತ್ತಲಗಟ್ಟಿಯಿಂದ ಎರಡು ಕಿಲೋಮೀಟರು ಕಲ್ಲುದಾರಿ ನಡೆದರೆ ಕರಿಹೊಂಡ. ಮಾದಿಗರ ಮನೆ ಮೂವತ್ತಾರು, ಪಿಂಜಾರರ ಮನೆ ಆರು. ಆಧಾರ್ ಕಾರ್ಡಿನಲ್ಲಿ, ರೇಶನ್ ಕಾರ್ಡಿನಲ್ಲಿ, ಕರೆಂಟಿನ ಬಿಲ್ಲಿನಲ್ಲಿ ನಾವೆಲ್ಲ ಮುತ್ತಲಗಟ್ಟಿಯವರು. ಮುತ್ತಲಗಟ್ಟಿಯ ಹೋಟೆಲಿನ ಬೆಂಚಿನ ಮೇಲೆ ಕೂತರೆ ಮಾತ್ರ ಕರಿಹೊಂಡದವರು.

ನಮ್ಮ ಹೆಂಗಸರ ಕೆಲಸಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಕುಷ್ಟಗಿ, ಯಲಬುರ್ಗಾ ಕಡೆ ಬೀಜದ ಕಂಪನಿಗಳು ರೈತರ ಹೊಲದಲ್ಲಿ ಟೊಮೇಟೊ, ಮೆಣಸಿನಕಾಯಿಯ ಬೀಜ ಮಾಡಿಸುತ್ತವೆ. ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಹೂವಿನ ಪುಡಿ ಸೋಕಬೇಕು. ಹುಳುಹುಪ್ಪಟೆ ಮಾಡುವ ಕೆಲಸ ಅದು. ಆದರೆ ಹುಳುವಿಗೆ ಶಿಸ್ತಿಲ್ಲ, ಎಲ್ಲಿಯ ಪುಡಿಯನ್ನು ಎಲ್ಲಿಗೋ ತರುತ್ತದೆ. ಅದಕ್ಕೇ ಹೊಲದ ಸುತ್ತ ಬಲೆ ಕಟ್ಟಿ ಹುಳುವನ್ನು ಹೊರಗಿಟ್ಟು ನಮ್ಮನ್ನು ಒಳಗೆ ಬಿಡುತ್ತಾರೆ. ಮಧ್ಯಾಹ್ನ, ನಾಳೆ ಅರಳುವ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡು ಕೇಸರ ಕಿತ್ತು ತೆಗೆಯುತ್ತೇವೆ. ನಡುವಿನ ಹೆಣ್ಣು ಕಡ್ಡಿ ಕೂದಲಿನಷ್ಟು ಸಣ್ಣ, ಅದು ಮುರಿಯಬಾರದು. ಮರುದಿನ ಬೆಳಿಗ್ಗೆ ಆ ಕಡ್ಡಿಯ ತುದಿಗೆ ಬೇರೆ ಗಿಡದ ಪುಡಿ ಮುಟ್ಟಿಸುತ್ತೇವೆ. ತಪ್ಪಿದರೆ ಹೂವು ಉದುರುತ್ತದೆ. ಕೇಸರ ಕೀಳದೆ ಬಿಟ್ಟ ಮೊಗ್ಗು ತನ್ನ ಪುಡಿಗೆ ತಾನೇ ಕಾಯಿ ಕಟ್ಟಿದರೆ ಬೀಜ ಕಲಬೆರಕೆ, ಕಂಪನಿ ಇಡೀ ಬೆಳೆಯನ್ನೇ ಬೇಡ ಅನ್ನುತ್ತದೆ.

ಬಲೆಯೊಳಗೆ ಗಾಳಿ ಇಲ್ಲ. ಕತ್ತು ಬಗ್ಗಿರುತ್ತದೆ. ಸೊಂಟ ಬಗ್ಗಿರುತ್ತದೆ. ಟೊಮೇಟೊ ಗಿಡದ ಕರೆ ಬೆರಳಿಗೆ ಹತ್ತುತ್ತದೆ, ಮೊದಲು ಹಸಿರು, ಆಮೇಲೆ ಕಪ್ಪು. ಸೋಪಿಗೆ ಹೋಗುವುದಿಲ್ಲ. ಆ ಕೈಯಲ್ಲಿ ತಟ್ಟಿದ ರೊಟ್ಟಿ ಕಹಿ.

ನಾವು ಹೋಗುವುದು ಮುತ್ತಲಗಟ್ಟಿಯ ವಿರೂಪಾಕ್ಷಪ್ಪ ಸಾವ್ಕಾರರ ಹೊಲಕ್ಕೆ. ಅವರದು ನಾಲ್ಕು ನೆಟ್ ಮನೆ. ಪಂಚಾಯ್ತಿಗೆ ಎರಡು ಸಲ ಅಧ್ಯಕ್ಷರಾದವರು. ಕೆಟ್ಟ ಬೈಗುಳ ಬೈಯುವವರಲ್ಲ, ನಗುನಗುತ್ತಲೇ ‘ಏ ಹುಲಗಿ’ ಅನ್ನುತ್ತಾರೆ. ನಮ್ಮ ಮೂವತ್ತೆಂಟು ಹೆಂಗಸರ ಬೆರಳು ಅವರ ಹೂವಿನ ಬಸಿರನ್ನೇ ಮುಟ್ಟಬಹುದು. ಅವರ ನೀರಿನ ಕೊಡ ಮುಟ್ಟಬಾರದು. ಬಾಯಾರಿದರೆ ಬೊಗಸೆ ಹಿಡಿದು ನಿಲ್ಲಬೇಕು, ಯಾರಾದರೂ ಬಂದು ಮೇಲಿನಿಂದ ಸುರಿಯುವ ತನಕ.

ಮೊನ್ನೆ ಡಿಸೆಂಬರಿನಲ್ಲಿ ಸುದ್ದಿ ಬಂತು. ದಾಖಲೆಯಲ್ಲಿಲ್ಲದ ಹಟ್ಟಿ, ತಾಂಡಾಗಳನ್ನೆಲ್ಲ ಕಂದಾಯ ಗ್ರಾಮ ಮಾಡುತ್ತಾರಂತೆ, ಮನೆಮನೆಗೆ ಹಕ್ಕುಪತ್ರ ಕೊಡುತ್ತಾರಂತೆ. ಹಕ್ಕುಪತ್ರ ಅಂದರೆ ನಿಂತ ನೆಲ ನಿನ್ನದು ಎಂಬ ಕಾಗದ. ನಮ್ಮ ಅಜ್ಜಿ ಸತ್ತದ್ದು ಅದನ್ನು ಕಾಯುತ್ತಲೇ. ಒಂದು ಮಂಗಳವಾರ ಕೆಲಸ ಬಿಟ್ಟು ನಲವತ್ತೆರಡು ಮನೆಯ ಕಾಗದಗಳನ್ನು ಚೀಲದಲ್ಲಿ ತುಂಬಿಕೊಂಡು ಕಂದಾಯ ಕಚೇರಿಗೆ ಹೋದೆ.

ಅಲ್ಲಿ ಹೊಸ ಗ್ರಾಮ ಆಡಳಿತಾಧಿಕಾರಿ ಬಂದಿದ್ದರು, ಸುರೇಖಾ ಮೇಡಂ ಅಂತ. ಕೊಪ್ಪಳದ ಪಕ್ಕದ ಭಾಗ್ಯನಗರದವರು. ಬಂದು ಮೂರೇ ವಾರ. ಇನ್ನೂ ಜನರ ಮುಖ ನೋಡಿ ಮಾತಾಡುತ್ತಿದ್ದರು.

“ಯಾವೂರ್ರಿ?”

“ಕರಿಹೊಂಡ್ರಿ.”

ಕಂಪ್ಯೂಟರಿನಲ್ಲಿ ಒತ್ತಿದರು. ಮತ್ತೊಮ್ಮೆ ಒತ್ತಿದರು. “ಅಲ್ಲಿ ಯಾರೂ ಇಲ್ಲಲ್ರಿ.”

“ನಾ ಅದೀನಲ್ರಿ.”

“ನೀವು ಇಲ್ಲಿ ಅದೀರಿ.”

“ಈಗ ಇಲ್ಲಿ ಅದೀನ್ರಿ ಮೇಡಂ. ಮುಂಜಾನಿ ಅಲ್ಲೇ ಇದ್ನಿ. ಸಂಜಿಗೆ ಮತ್ತ ಅಲ್ಲೇ ಹೋಗಾಕಿ. ನಡಬರಕ ಬಂದೀನಿ ಅಂತ ಊರ ಖಾಲಿ ಆಕ್ಕೈತೇನ್ರಿ?”

ಅವರಿಗೆ ನಗು ಬಂತು. ಆದರೆ ಕಂಪ್ಯೂಟರಿಗೆ ನಗು ಬರಲಿಲ್ಲ. ಕರಿಹೊಂಡದ ಮುಂದೆ ಒಂದೇ ಮಾತು ಬರೆದಿತ್ತು: ಬೇಚರಾಕ್. “ಹಂಗಂದ್ರ ಜನವಸತಿ ಇಲ್ಲದ್ದು ಅಂತ್ರಿ” ಎಂದರು. ಒಂದು ಕಡತ ತೆಗೆದರು. ಅದರಲ್ಲಿ ಹೋದ ತಿಂಗಳ ಮಹಜರು. ಹಿಂದಿನ ಅಧಿಕಾರಿ ಬರೆದದ್ದು, ಬರೆದು ವರ್ಗವಾಗಿ ಹೋಗಿದ್ದರು. ‘ನವೆಂಬರ್ ಹನ್ನೆರಡರಂದು ಬೆಳಿಗ್ಗೆ ಹನ್ನೊಂದೂವರೆ ಗಂಟೆಗೆ ಪಂಚರ ಸಮಕ್ಷಮ ಕರಿಹೊಂಡದ ಸ್ಥಳ ಪರಿಶೀಲಿಸಲಾಗಿ, ಯಾವುದೇ ಜನವಸತಿ ಕಂಡುಬಂದಿರುವುದಿಲ್ಲ.’ ಕೆಳಗೆ ಐದು ಸಹಿ. ಮೊದಲ ಸಹಿ ವಿರೂಪಾಕ್ಷಪ್ಪ ಸಾವ್ಕಾರರದು.

ಓದಿ ಮುಗಿಸಿದೆ. ಆಮೇಲೆ ಆ ಕಾಗದದ ಬಲ ಮೂಲೆ ಕಣ್ಣಿಗೆ ಬಿತ್ತು. ಅಲ್ಲಿ ನಾಲ್ಕು ಕಪ್ಪು ಕಲೆ ಇದ್ದವು, ಸಾಲಾಗಿ. ಟೊಮೇಟೊ ಕರೆ. ನನ್ನ ಬೆರಳನ್ನು ಪಕ್ಕದಲ್ಲಿಟ್ಟು ನೋಡಿದೆ. ನನ್ನವೇ.

ಅವತ್ತಿನದೆಲ್ಲ ನೆನಪಾಯಿತು. ಜೀಪಿನಲ್ಲಿ ಮೂವರು ಬಂದಿದ್ದರು. ಕಲ್ಲುದಾರಿಯಲ್ಲಿ ಜೀಪು ಕುಲುಕುತ್ತದೆ, ಇಲ್ಲೇ ಕೂತು ಬರೆಯಿರಿ ಎಂದು ಸಾವ್ಕಾರರೇ ಹೇಳಿದ್ದರು. ನೆಟ್ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿದರು. ಕುರ್ಚಿ ಹೊತ್ತು ತಂದವಳು ನಾನು. ಟೇಬಲ್ ಹೊತ್ತು ತಂದವಳು ನಾನು. ಗಾಳಿ ಬೀಸುತ್ತಿತ್ತು. ಸಾವ್ಕಾರರು ನಗುತ್ತಾ ಅಂದಿದ್ದರು: “ಏ ಹುಲಗಿ, ಕಾಗದ ಹಾರಾಕತ್ತಾವ, ಕೈ ಇಡು.” ಕೈ ಇಟ್ಟೆ. ಅಕ್ಷರ ನನಗೆ ತಲೆಕೆಳಗಾಗಿದ್ದವು, ಓದಲಿಲ್ಲ. ಹಿಂದೆ ಬಲೆಯೊಳಗೆ ಕರಿಹೊಂಡದ ಮೂವತ್ತೇಳು ಹೆಂಗಸರು ಬಗ್ಗಿ ಮೊಗ್ಗು ಬಿಡಿಸುತ್ತಿದ್ದರು. ಮುಂದೆ ಕರಿಹೊಂಡದಲ್ಲಿ ಯಾರೂ ಇಲ್ಲ ಎಂದು ಬರೆಯುತ್ತಿದ್ದರು. ಆ ಮಾತು ಹಾರಿ ಹೋಗದಂತೆ ಕರಿಹೊಂಡದ ಹುಲಗಮ್ಮ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು.

ಅವರ ಮೇಲಿನ ಸಿಟ್ಟಿಗಿಂತ ನನ್ನ ಕೈಯ ಮೇಲೇ ಹೆಚ್ಚು ಸಿಟ್ಟು ಬಂತು.

“ಮೇಡಂ, ಈಗ ಏನ್ರಿ?”

“ಪಟ್ಟಿ ಸೋಮವಾರ ಕೊಪ್ಪಳಕ್ಕ ಹೋಕ್ಕೈತ್ರಿ. ಈ ಮಹಜರು ಇರೋತನಕ ನಿಮ್ಮೂರ ಹೆಸರು ಅದರಾಗ ಹಾಕಾಕ ಬರಂಗಿಲ್ಲ. ಮೊದಲ ಸಹಿ ಮಾಡ್ದವರು ತಾವಾಗೇ ಬಂದು, ಇದು ತಪ್ಪು, ಅಲ್ಲಿ ಮಂದಿ ಅದಾರ ಅಂತ ಬರದು ಕೊಟ್ರ ನಾ ಹಾಕ್ತೀನಿ.”

“ಪಟ್ಟ್ಯಾಗ ಬರಲಿಲ್ಲಂದ್ರ?”

ಅವರು ದನಿ ತಗ್ಗಿಸಿದರು. “ಕರೆಂಟ್ ಮಾಡೂ ಗಾಳಿಕಂಬದ ಕಂಪನಿ ಒಂದು ಖಾಲಿ ಜಾಗ ಕೇಳೇತ್ರಿ. ಆ ಕಡತ ಇದರ ಹಿಂದನ ಐತಿ.”

ಗೊತ್ತಾಯಿತು. ಖಾಲಿ ಜಾಗ ಬೇಕಿತ್ತು, ನಮ್ಮನ್ನು ಖಾಲಿ ಮಾಡಿದ್ದರು. ಗುದ್ದಲಿ ಬುಲ್ಡೋಜರು ಏನೂ ಬೇಕಾಗಿರಲಿಲ್ಲ, ಒಂದು ಬಾಲ್ ಪೆನ್ನು ಸಾಕಾಗಿತ್ತು.

ಕಚೇರಿಯ ಎದುರು ತಗಡಿನ ನೆರಳಲ್ಲಿ ಮದಾರಸಾಬ ಮುತ್ಯಾ ಕೂತಿರುತ್ತಾರೆ. ಎಂಬತ್ತರ ಹತ್ತಿರದ ವಯಸ್ಸು, ಅರ್ಜಿ ಬರೆದು ಕೊಡುವ ಕೆಲಸ. ಹಿಂದೆ ಇದೇ ಕಚೇರಿಯಲ್ಲಿ ನಕಲು ಬರೆಯುವ ನೌಕರರಾಗಿದ್ದರು. ನಿಜಾಮರ ಕಾಲದ ಉರ್ದು ದಫ್ತರು ಓದಬಲ್ಲವರು ಈಗ ಅವರೊಬ್ಬರೇ. ಸೀದಾ ಹೋಗಿ ಅವರ ಮುಂದೆ ಕುಕ್ಕರಿಸಿದೆ.

“ಮುತ್ಯಾ, ಬೇಚರಾಕ್ ಅಂದ್ರ ಏನು?”

“ಬೇಚಿರಾಗ್ ಅಂತವಾ ಅದು, ಫಾರ್ಸಿ ಮಾತು. ಬೇ ಅಂದ್ರ ಇಲ್ಲ, ಚಿರಾಗ್ ಅಂದ್ರ ದೀಪ. ದೀಪ ಹಚ್ಚಾವ್ರು ಇಲ್ಲದ ಊರು.” ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. ಕಥೆ ಉದ್ದವಿದೆ ಎಂದರ್ಥ. “ಹಿಂದ ಪ್ಲೇಗ್ ಬರ್ತಿತ್ತು. ಬರ ಬರ್ತಿತ್ತು. ದಂಡು ಬರ್ತಿತ್ತು. ಮಂದಿ ಊರ ಬಿಟ್ಟು ಓಡಿ ಹೋಗ್ತಿದ್ರು. ಗ್ವಾಡಿ ನಿಂತಿರ್ತಿದ್ವು, ಗುಡಿ ಇರ್ತಿತ್ತು, ಹೊಲ ಇರ್ತಿದ್ವು, ಸಂಜಿಗೆ ಒಂದು ದೀಪ ಕಾಣ್ತಿದ್ದಿಲ್ಲ. ಅಂಥಾ ಊರಿಗೆ ದಫ್ತರದಾಗ ಬೇಚಿರಾಗ್ ಅಂತ ಬರೀತಿದ್ರು. ಹೊಲದ ಕಂದಾಯ ಬರ್ತದ, ಊರಿಗೆ ಬಾವಿ ತೋಡಸೂದಿಲ್ಲ, ಸಾಲಿ ಕಟ್ಟಸೂದಿಲ್ಲ, ದಾರಿ ಮಾಡಸೂದಿಲ್ಲ. ಸರಕಾರಕ್ಕ ಅದರಷ್ಟು ಛಲೋ ಊರು ಬ್ಯಾರೆ ಯಾವುದೂ ಇಲ್ಲ.”

ನಕ್ಕರು. ನಾನು ನಗಲಿಲ್ಲ.

“ನಾವು ಯಾವಾಗ ಊರ ಬಿಟ್ಟು ಓಡಿ ಹೋಗಿದ್ವಿ ಮುತ್ಯಾ?”

ಮದಾರಸಾಬ ಕನ್ನಡಕ ಹಾಕಿಕೊಂಡರು.

“ನೀವು ಹೋಗಿದ್ದಿಲ್ಲ ಯವ್ವಾ. ನಾ ಆ ಪುಟ ಓದೀನಿ. ನನ್ನ ಕೈಲೇ ನಕಲು ಮಾಡೀನಿ.”

ಅವರು ಹೇಳಿದ್ದು ಇಷ್ಟು. ಎಪ್ಪತ್ತರ ದಶಕದಲ್ಲಿ ಉರ್ದು ದಫ್ತರುಗಳನ್ನು ಕನ್ನಡಕ್ಕೆ ಇಳಿಸುವ ಕೆಲಸ ನಡೆದಿತ್ತು. ಕರಿಹೊಂಡದ ಪುಟದಲ್ಲಿ ಬೇಚಿರಾಗ್ ಎಂದು ಬರೆದಿತ್ತು. ಅದರ ಪಕ್ಕ ಷರಾ ಬರೆಯುವ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಮಾತಿತ್ತು. ‘ಮೋಜಣಿಯ ಕಾಲಕ್ಕೆ ಈ ಠಾವಿನ ಹನ್ನೊಂದು ಬೇಗಾರಿಗಳು ಹಾಜರಿದ್ದು, ಒಂಬತ್ತು ಮಂದಿ ಸರಪಳಿ ಹೊತ್ತರು, ಇಬ್ಬರು ಸಂಜೆ ಪಂಜು ಹಿಡಿದರು.’ ಹನ್ನೊಂದೂ ಹೆಸರು ಇದ್ದವು, ಅಪ್ಪನ ಹೆಸರಿನ ಸಮೇತ. ಬೇಗಾರಿ ಅಂದರೆ ಬಿಟ್ಟಿ ಆಳು. ಜಮೀನು ಅಳೆಯಲು ಬಂದ ಮೋಜಣಿ ಸಾಹೇಬರ ಡೇರೆ ಬಿದ್ದದ್ದು ದೊಡ್ಡ ಊರಿನಲ್ಲಿ. ಕರಿಹೊಂಡದ ಗಂಡಸರೆಲ್ಲ ಡೇರೆಯ ಚಾಕರಿಯಲ್ಲಿ, ಹೆಂಗಸರು ಕುದುರೆಯ ಹುಲ್ಲಿಗೆ. ಊರಿಗೆ ಯಾರು ಬಂದು ನೋಡುತ್ತಾರೆ? ನಮ್ಮವರು ಹಿಡಿದ ಪಂಜಿನ ಬೆಳಕಿನಲ್ಲಿ ಕೂತು ನಮ್ಮೂರಿಗೆ ದೀಪವಿಲ್ಲ ಎಂದು ಬರೆದರು.

“ಆ ಹನ್ನೊಂದು ಹೆಸರು ಕನ್ನಡದಾಗ ಎಲ್ಲಿ ಹ್ವಾದ್ವು?”

“ಹೊಸಾ ಫಾರಂ ಅಚ್ಚಾಗಿ ಬಂದಿತ್ತವಾ. ಅದರಾಗ ಊರು, ಜಮೀನು, ಕಂದಾಯ, ಜನವಸತಿ, ಇಷ್ಟ ಇತ್ತು. ಷರಾ ಬರ್ಯಾಕ ಜಾಗಾನ ಇದ್ದಿಲ್ಲ. ಎಲ್ಲಿ ಬರೀಲಿ ಅಂತ ಹೆಡ್ ಕ್ಲಾರ್ಕಗ ಕೇಳಿದ್ನಿ. ಜಾಗಾ ಇಲ್ಲಂದ್ರ ಬಿಡೋ ಅಂದ. ಬಿಟ್ನಿ.”

“ಹನ್ನೊಂದು ಮಂದೀನ ಬಿಟ್ರಿ?”

“ಬಿಟ್ನಿ. ನೌಕರಿ ಹೊಸದು, ಅಂಜಿಕಿ ಭಾಳ ಇತ್ತು. ಐವತ್ತು ವರ್ಷ ಆತು, ಈ ರಸ್ತಾದಾಗ ನಿಮ್ಮೂರವ್ರು ಕಂಡ್ರ ಮಾರಿ ತಗ್ಗಸ್ತೀನಿ.” ಪೆನ್ನು ಎತ್ತಿಕೊಂಡರು. “ಅರ್ಜಿ ಬರೀಲೇನವಾ? ಛಲೋ ಬರೀತೀನಿ.”

ಮುದುಕರ ಮೇಲೆ ಕೂಗಾಡಬೇಕು ಅನ್ನಿಸಿತು. ಆದರೆ ನವೆಂಬರ್ ಹನ್ನೆರಡರ ಕಾಗದದ ಮೇಲೆ ನನ್ನ ಬೆರಳೂ ಇದ್ದವು. ಯಾವ ಬಾಯಲ್ಲಿ ಕೂಗಲಿ?

“ಬ್ಯಾಡ ಮುತ್ಯಾ. ಭಾಳ ಅರ್ಜಿ ಬರದೀವಿ. ಈ ಸಲ ಅವ್ರು ಬರೀಲಿ.”

ಸಂಜೆ ಐದಕ್ಕೆ ಟೆಂಪೊ ಬಂದು ಹೆಂಗಸರನ್ನು ಇಳಿಸಿತು. ನೀರಿನ ಟಾಕಿಯ ಕಟ್ಟೆಗೆ ಎಲ್ಲರನ್ನೂ ಕೂಡಿಸಿದೆ. ಮಹಜರಿನ ಕಥೆ ಹೇಳಿದೆ, ಹನ್ನೊಂದು ಜನರ ಕಥೆ ಹೇಳಿದೆ, ಸೋಮವಾರದ ಮಾತು ಹೇಳಿದೆ. ನಾಳೆಯಿಂದ ಯಾರೂ ಟೆಂಪೊ ಹತ್ತಬಾರದು ಎಂದೆ. ಗದ್ದಲವೋ ಗದ್ದಲ.

“ಇವತ್ತ ಬಿಡಿಸಿದ ಮೊಗ್ಗಿ ಅದಾವಲ್ಲ! ನಾಳೆ ಪುಡಿ ಮುಟ್ಟಸಲಿಲ್ಲಂದ್ರ ಎಲ್ಲಾ ಉದುರ್ತಾವ” ಎಂದಳು ದಾನೇಶ್ವರಿ. ನಮ್ಮಲ್ಲಿ ಅವಳಷ್ಟು ಚುರುಕು ಬೆರಳು ಇನ್ನೊಬ್ಬರಿಗಿಲ್ಲ. ಹೂವು ಉದುರಿದರೆ ಕೂಸಿಗೆ ಜ್ವರ ಬಂದಂತೆ ಮಾಡುತ್ತಾಳೆ.

“ಉದರಲಿ.”

“ಬ್ಯಾರೆ ಊರವ್ರನ್ನ ತಂದ್ರ? ನಮ್ಮ ಸೀಜನ್ನ ಹೋಕ್ಕೈತಿ.”

ನಿಜ ಹೇಳಬೇಕೆಂದರೆ ನನಗೂ ಅಂಜಿಕೆ ಇತ್ತು. ಸೀಜನ್ ಹೋದರೆ ಮಳೆಗಾಲದ ತನಕ ಒಲೆ ಉರಿಯುವುದು ಕಷ್ಟ. ಆಗ ಶಾಹಜಾದಬಿ ಎದ್ದು ನಿಂತಳು. ಪಿಂಜಾರರ ಮುದುಕಿ, ಗಂಡ ಸತ್ತಿದ್ದಾನೆ, ಕಣ್ಣು ಮಂಜಾದ್ದರಿಂದ ಕ್ರಾಸಿಂಗ್ ಬಿಟ್ಟು ಗಂಡು ಹೂವಿನ ಪುಡಿ ಜರಡಿ ಹಿಡಿಯುತ್ತಾಳೆ. ದಿನವಿಡೀ ಕೆಮ್ಮು.

“ನಾವು ಇಲ್ಲ ಅಂತ ಅವ್ರು ಬರದಾರ ಹೌದಿಲ್ಲ? ಇಲ್ಲದವ್ರು ಟೆಂಪೊ ಹ್ಯಾಂಗ ಹತ್ತತಾರ? ಸುಳ್ಳ ಆಕ್ಕೈತಿ ಅದು. ಸಾವ್ಕಾರನ ಮಾತು ನಾವ್ಯಾಕ ಸುಳ್ಳ ಮಾಡೂಣು? ಮನ್ಯಾಗ ಬಾಗಲಾ ಹಾಕ್ಕೊಂಡು ಕುಂದ್ರೂಣು.”

ಹೆಂಗಸರೆಲ್ಲ ಹೋ ಎಂದು ನಕ್ಕರು. ನಗುವಿನಲ್ಲೇ ತೀರ್ಮಾನವಾಯಿತು.

ಬುಧವಾರ ಬೆಳಿಗ್ಗೆ ಆರಕ್ಕೆ ಟೆಂಪೊದ ಮಾಂತೇಶ ಬಂದು ಹಾರ್ನ್ ಹೊಡೆದ. ಊರಿಗೆ ಊರೇ ಬಾಗಿಲು ಹಾಕಿತ್ತು. ಇನ್ನೊಮ್ಮೆ ಹೊಡೆದ. ಇಳಿದು ಬಂದು ನನ್ನ ಬಾಗಿಲು ಬಡಿದ.

“ಅಕ್ಕಾ, ಟೈಮ್ ಆತು. ಬರ್ರಿ.”

“ಯಾರೂ ಇಲ್ಲಪಾ” ಎಂದೆ ಒಳಗಿನಿಂದ.

“ಮತ್ತ ಮಾತಾಡಾಕತ್ತಾವ್ರು ಯಾರು?”

“ಯಾರೂ ಮಾತಾಡಾಕತ್ತಿಲ್ಲ. ಸರಕಾರದ್ದ ಕಾಗದ ಐತಿ, ಹೋಗಿ ಓದ್ಕೊ.”

ಮುಂದಿನ ಮನೆ ಬಡಿದ. ಅಲ್ಲೂ ಯಾರೂ ಇಲ್ಲ. ಅದರ ಮುಂದಿನ ಮನೆಯಲ್ಲಿ ಒಗ್ಗರಣೆಯ ವಾಸನೆ, ಆದರೆ ಯಾರೂ ಇಲ್ಲ. ಶಾಹಜಾದಬಿಯ ಮನೆಯಿಂದ ಜೋರಾಗಿ ಕೆಮ್ಮು ಬಂತು. “ಆಯೀ, ನೀನರ ಇದ್ದೀ ಅಲ್ಲ?” ಎಂದು ಕೂಗಿದ. “ನಾ ಇಲ್ಲೋ ಯಪ್ಪಾ, ಕೆಮ್ಮ ಅಷ್ಟ ಐತಿ” ಎಂದಳು ಒಳಗಿನಿಂದ. ಮಾಂತೇಶ ನಡುದಾರಿಯಲ್ಲಿ ನಿಂತು ಬಿದ್ದು ಬಿದ್ದು ನಕ್ಕ. ಖಾಲಿ ಟೆಂಪೊ ತಿರುಗಿಸಿಕೊಂಡು ಹೋದ.

ಗುರುವಾರ ಸಾವ್ಕಾರರು ಗಂಗಾವತಿ ಕಡೆಯಿಂದ ಭತ್ತದ ನಾಟಿಯ ಹೆಂಗಸರನ್ನು ತರಿಸಿದರು. ನಾಟಿಯಲ್ಲಿ ಗಟ್ಟಿಗಿತ್ತಿಯರು. ಕೆಸರಿಗೆ ಇಳಿದರೆ ಎಕರೆಗಟ್ಟಲೆ ಮುಗಿಸುತ್ತಾರೆ. ಆದರೆ ಮೊಗ್ಗಿನ ಕಡ್ಡಿ ಭತ್ತದ ಸಸಿಯಲ್ಲ. ಕೇಸರದ ಜೊತೆ ಕಡ್ಡಿಯನ್ನೂ ಚಿವುಟಿ ಹಾಕಿದರು. ಮಧ್ಯಾಹ್ನಕ್ಕೆ ಕಂಪನಿಯವನು ಬಂದು ತಲೆ ಹಿಡಿದುಕೊಂಡು ಅವರನ್ನು ಕಳಿಸಿಬಿಟ್ಟನಂತೆ. ಇದನ್ನೆಲ್ಲ ಮಾಂತೇಶನೇ ಬಂದು ಹೇಳಿದ. ದಾನೇಶ್ವರಿ ಕೇಳಿಸಿಕೊಂಡು ಕಣ್ಣೀರು ಹಾಕಿದಳು. ಹೂವಿನ ಮೇಲೆ ನಮಗೇನೂ ಸಿಟ್ಟಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ವಿರೂಪಾಕ್ಷಪ್ಪ ಸಾವ್ಕಾರರು ತಾವೇ ಬಂದರು. ಅವರು ಕರಿಹೊಂಡಕ್ಕೆ ಕಾಲಿಟ್ಟದ್ದು ಅದೇ ಮೊದಲು. ಕಲ್ಲುದಾರಿಯಲ್ಲಿ ಬುಲೆಟ್ ಗಾಡಿ ಎರಡು ಕಡೆ ಬಿದ್ದು ಪಂಚೆಗೆ ಮಣ್ಣಾಗಿತ್ತು. ನಡು ಊರಿನಲ್ಲಿ ನಿಂತು ಕೂಗಿದರು.

“ಏ ಹುಲಗಿ! ಹೊರಗ ಬಾ!”

ಒಂದು ಬಾಗಿಲೂ ತೆರೆಯಲಿಲ್ಲ.

“ಬಾಗಲಾ ತಗೀರಿ!”

“ಯಾರೂ ಇಲ್ರೀ...” ಎಂದು ಹತ್ತು ಮನೆಯಿಂದ ಒಟ್ಟಿಗೆ ದನಿ ಬಂತು.

ಸಾವ್ಕಾರರ ನಗು ಅವತ್ತು ಎಲ್ಲಿ ಹೋಗಿತ್ತೋ. ಮುಖ ಕೆಂಪಾಯಿತು. “ಆಟಾ ಆಡ್ತೀರೇನಲೇ? ಎಲ್ಲಾರೂ ಒಳಗ ಅದೀರಿ! ಒಂದೊಂದು ಮನ್ಯಾಗ ಐದೈದು ಮಂದಿ ಅದೀರಿ! ನನಗ ಗೊತ್ತಿಲ್ಲೇನು?”

ನಾನು ಬಾಗಿಲು ತೆಗೆದೆ. “ಅದನ್ನ ಒಂದು ಕಾಗದದ ಮ್ಯಾಗ ಬರದು ಕೊಡ್ರಿ ಸಾವ್ಕಾರ್ರ.”

ಒಂದೊಂದೇ ಬಾಗಿಲು ತೆರೆದವು. ಹೆಂಗಸರು ಹೊಸ್ತಿಲ ಮೇಲೆ ನಿಂತರು. ಯಾರೂ ತಲೆಯ ಮೇಲೆ ಸೆರಗು ಎಳೆದುಕೊಳ್ಳಲಿಲ್ಲ. ಯಾರೂ ಬದಿಗೆ ಸರಿಯಲಿಲ್ಲ. ಸಾವ್ಕಾರರು ಸುತ್ತ ನೋಡಿದರು. ನನ್ನ ಹತ್ತಿರ ಬಂದು ದನಿ ಮೆತ್ತಗೆ ಮಾಡಿದರು.

“ಹುಲಗವ್ವಾ, ನೀ ಶ್ಯಾಣ್ಯಾ ಅದೀ. ಇವರ ಸುದ್ದಿ ನಿನಗ್ಯಾಕ? ಮುತ್ತಲಗಟ್ಟ್ಯಾಗ ನಿನಗೊಂದು ಜಾಗಾ ಹಾಕಸ್ತೀನಿ. ಸಿಸಿ ರಸ್ತಾದ ಮ್ಯಾಗ. ನಿನ್ನ ಹೆಸರಿಗೆ. ಇವ್ರನ್ನ ಟೆಂಪೊ ಹತ್ಸು.”

ಹುಲಗವ್ವ! ಅವರ ಹೊಲದಲ್ಲಿ ದುಡಿದ ಹದಿನೆಂಟು ವರ್ಷದಲ್ಲಿ ಅವರ ಬಾಯಲ್ಲಿ ನನ್ನ ಹೆಸರು ಮೊದಲ ಸಲ ನೆಟ್ಟಗೆ ಬಂತು. ಸುಳ್ಳು ಯಾಕೆ ಹೇಳಲಿ, ಸಿಸಿ ರಸ್ತೆ ಅಂದಾಗ ಒಂದು ಗಳಿಗೆ ಎದೆ ಜಿಗಿಯಿತು. ಮಳೆಗಾಲದಲ್ಲಿ ಮೊಣಕಾಲು ಕೆಸರು ತುಳಿದವಳು ನಾನು. ಆಮೇಲೆ ನನ್ನ ಬೆರಳು ನೋಡಿಕೊಂಡೆ. ಆ ಕಾಗದ ಹಿಡಿದು ನಿಂತ ಬೆರಳು.

“ಒಲ್ಲೆರಿ.”

“ಏನು?”

“ಒಲ್ಲೆ. ನನಗ ಜಾಗಾ ಐತಿ. ನೀವು ಅದರ ಮ್ಯಾಲನ ನಿಂತೀರಿ.”

“ಸೊಕ್ಕ ಬಂತೇನ? ನಾಳಿಂದ ಮುತ್ತಲಗಟ್ಟ್ಯಾಗ ನಿಮಗ ಅಂಗಡಿ ಇಲ್ಲ, ಹಿಟ್ಟಿನ ಗಿರಣಿ ಇಲ್ಲ.”

“ಬ್ಯಾಡ್ರಿ. ಗಿರಣಿ ಯಲಬುರ್ಗಾದಾಗೂ ಅದಾವ. ನಿಮ್ಮ ಮೊಗ್ಗಿ ಬಿಡಸೂ ಬೆರಳು ಇಲ್ಲಷ್ಟ ಅದಾವ. ಹತ್ತನೇ ಸಾಲು ಇವತ್ತ ಅರಳೇತಿ, ನೋಡಿ ಬಂದ್ರೇನು? ಇನ್ನೆರಡು ದಿನ ಹೋದ್ರ ಕಂಪನಿ ಒಂದು ಕಾಳೂ ಮುಟ್ಟಂಗಿಲ್ಲ. ಇನ್ನೊಂದು ಮಾತು. ಹಾಜರಿ ಪುಸ್ತಕ ತಗದು ನೋಡ್ರಿ. ನವೆಂಬರ್ ಹನ್ನೆರಡನೇ ತಾರೀಕು, ಮೂವತ್ತೆಂಟು ಹೆಂಗಸ್ರು, ಊರು ಕರಿಹೊಂಡ, ಕೆಳಗ ನಿಮ್ಮ ಸಹಿ. ಅದ ದಿನ ಮಹಜರಿನಾಗ ಕರಿಹೊಂಡದಾಗ ಯಾರೂ ಇಲ್ಲ, ಅಲ್ಲೂ ನಿಮ್ಮ ಸಹಿ. ಯಾವ ಸಹಿ ಖರೇ, ಯಾವ ಸಹಿ ಖೊಟ್ಟಿ, ಸುರೇಖಾ ಮೇಡಂಗ ನೀವ ಹೇಳ್ರಿ. ಇಲ್ಲಂದ್ರ ನಾವು ಎರಡೂ ಕಾಗದ ಜೋಡಿಸಿ ಕೊಪ್ಪಳಕ್ಕ ಒಯ್ತೀವಿ.”

ಸಣ್ಣ ಮಕ್ಕಳನ್ನು ಕೆಲಸಕ್ಕೆ ಹಚ್ಚಿಲ್ಲ ಎಂದು ತೋರಿಸಲು ಕಂಪನಿಯವರು ದಿನದಿನದ ಹಾಜರಿ ಬರೆಸುತ್ತಾರೆ, ಹೆಸರು, ವಯಸ್ಸು, ಊರು. ಬರೆಯುವವಳು ನಾನೇ. ನನ್ನ ಅಕ್ಷರ ದುಂಡಗಿದೆ ಎಂದು ಆ ಕೆಲಸ ಕೊಟ್ಟವರೂ ಸಾವ್ಕಾರರೇ.

ಸಾವ್ಕಾರರು ಬುಲೆಟ್ ಹತ್ತಿದರು. ಗಾಡಿ ಚಾಲೂ ಮಾಡಲು ನಾಲ್ಕು ಸಲ ಒದ್ದರು. ಮಧ್ಯಾಹ್ನ ಮೂರು ಗಂಟೆಗೆ ಸುರೇಖಾ ಮೇಡಂ ಫೋನ್ ಮಾಡಿದರು. ‘ಮಾಹಿತಿಯ ಕೊರತೆಯಿಂದ ತಪ್ಪಾಗಿ ಸಹಿ ಮಾಡಿದ್ದು, ಕರಿಹೊಂಡದಲ್ಲಿ ನಲವತ್ತೆರಡು ಕುಟುಂಬಗಳು ಬಹುಕಾಲದಿಂದ ವಾಸವಿವೆ’ ಎಂದು ಸಾವ್ಕಾರರು ಬರೆದು ಕೊಟ್ಟಿದ್ದರು. ಸೋಮವಾರದ ಪಟ್ಟಿಯಲ್ಲಿ ಕರಿಹೊಂಡ ಕೊಪ್ಪಳಕ್ಕೆ ಹೋಯಿತು. ನಾವು ಶನಿವಾರವೇ ಟೆಂಪೊ ಹತ್ತಿದೆವು. ಅರ್ಧ ಬೆಳೆ ಉಳಿಯಿತು. ಸಾವ್ಕಾರರು ಈಗ ನನ್ನ ಜೊತೆ ಮಾತಾಡುವುದಿಲ್ಲ. ಭಾಳ ಸುಖವಾಗಿದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಸರ್ಕಾರಕ್ಕೆ ಸರ್ಕಾರ ಎಂದು ಯಾರು ಅನ್ನುತ್ತಿದ್ದರು?

ಜನವರಿಯ ಒಂದು ಭಾನುವಾರ, ಕೆಲಸಕ್ಕೆ ರಜೆ ಇದ್ದ ದಿನ, ಕಚೇರಿಯ ಗುರುಬಸವ ಬೈಕಿನ ಮೇಲೆ ಒಂದು ಕಟ್ಟು ಕಾಗದ ಹೊತ್ತು ಬಂದ. ಮೇಲಿನ ಕಚೇರಿಯ ನೋಟೀಸು. ‘ಕರಿಹೊಂಡದ ಸರ್ಕಾರಿ ಜಮೀನನ್ನು ಒತ್ತುವರಿ ಮಾಡಿ, ಸುಮಾರು ಎಂಬತ್ತು ವರ್ಷಗಳಿಂದ ಅನಧಿಕೃತವಾಗಿ ಮನೆ ಕಟ್ಟಿಕೊಂಡು ವಾಸಿಸುತ್ತಿರುವ ಈ ಕೆಳಕಂಡ ನಲವತ್ತೆರಡು ಕುಟುಂಬಗಳನ್ನು ಏಕೆ ತೆರವುಗೊಳಿಸಬಾರದು? ಹದಿನೈದು ದಿನದೊಳಗೆ ಉತ್ತರಿಸತಕ್ಕದ್ದು.’ ಮೊನ್ನೆಯವರೆಗೆ ನಾವು ಇರಲೇ ಇಲ್ಲ. ಈಗ ಇದ್ದೇವೆ, ಕಳ್ಳರಾಗಿ. ಬಡ್ತಿಯೇ ಸರಿ.

ಸುರೇಖಾ ಮೇಡಂಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಕೂಗಿದೆ. ಕೂಗಾಟ ಮುಗಿದ ಮೇಲೆ ಅವರೆಂದರು:

“ನೋಟೀಸ್ ಹರೀಬ್ಯಾಡ್ರಿ ಹುಲಗಮ್ಮಾರ. ಇಷ್ಟ್ ದಿನ ನೀವು ಅದೀರಿ ಅನ್ನಾಕ ಒಂದು ದಾಖಲಿ ಇದ್ದಿಲ್ಲ. ಈಗ ಅವರ ಕೈಲೇ ಬರದಾರ, ಎಂಬತ್ತು ವರ್ಷದಿಂದ ಅದೀರಿ ಅಂತ. ಮ್ಯಾಲ ಸರಕಾರದ ಸಿಕ್ಕಾ ಒತ್ತೇತಿ. ಹಕ್ಕುಪತ್ರದ ಅರ್ಜಿಗೆ ಇದಕ್ಕಿಂತ ಗಟ್ಟಿ ಕಾಗದ ನಾ ಕೊಡಾಕ ಆಗೂದಿಲ್ಲ. ಮನಿಗೊಂದು ಸಹಿ ಮಾಡಿ, ಮನಿಗೊಂದು ನೋಟೀಸ್ ಇಸಗೋರಿ. ಒಂದೂ ಬಿಡಬ್ಯಾಡ್ರಿ.”

ಟಾಕಿಯ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಇದನ್ನೇ ಹೇಳಿದೆ. ಅಷ್ಟೇ. ಗುರುಬಸವನ ಗತಿ ನೋಡಬೇಕಿತ್ತು. ನೋಟೀಸು ತಂದವನನ್ನು ಕಂಡರೆ ಜನ ಹಿತ್ತಲಿನಿಂದ ಓಡುವುದನ್ನು ಆತ ನೋಡಿದ್ದ. ಇಲ್ಲಿ ಪಾಳಿ ಹಚ್ಚಿ ನಿಂತರು. ನನ್ನದು ಮೊದಲು ಕೊಡು, ನನ್ನ ಅಪ್ಪನ ಹೆಸರು ಸರಿ ಬರೆದಿದ್ದೀಯಾ ನೋಡು, ಇವನು ನಡುವೆ ನುಗ್ಗಿದ, ಎಂದು ಜಗಳ ಹತ್ತಿದವು. ಒತ್ತುವರಿದಾರ ಮಲ್ಲಪ್ಪ ಎಂದು ಕೂಗಿದರೆ ಮಲ್ಲಪ್ಪ ಬಹುಮಾನ ಬಂದವನ ಹಾಗೆ ಎದೆ ಉಬ್ಬಿಸಿ ಹೋಗಿ ಹೆಬ್ಬೆಟ್ಟು ಒತ್ತಿದ. ಬೈಕಿನ ಸೀಟಿನ ಮೇಲೆ ನಲವತ್ತೊಂದು ಸಹಿ ಬಿದ್ದವು.

ಕೊನೆಗೆ ಶಾಹಜಾದಬಿ ನಿಂತಿದ್ದಳು. ಗುರುಬಸವ ಪಟ್ಟಿ ನೋಡಿದ.

“ಈ ಮನಿ ಶಾಮೀದಸಾಬನ ಹೆಸರಿಗೆ ಐತಿ. ಕರೀರಿ ಅವರನ್ನ.”

“ಅಂವ ಸತ್ತು ಒಂಬತ್ತು ವರ್ಷ ಆತು. ನನ್ನ ಗಂಡ.”

“ಹೌದೇನು? ಹಂಗಾರ ಈ ನೋಟೀಸ್ ವಾಪಸ್ ಒಯ್ತೀನಿ. ಸತ್ತವ್ರ ಮ್ಯಾಲ ನಡ್ಯಂಗಿಲ್ಲ.” ಗುರುಬಸವ ಒಳ್ಳೆಯ ಮನುಷ್ಯ. ಮುದುಕಿಗೆ ಉಪಕಾರ ಮಾಡಿದೆ ಎಂಬ ಸಮಾಧಾನದಲ್ಲಿ ನಕ್ಕ. “ಛಲೋನ ಆತು ಬಿಡಬೇ ಯಮ್ಮಾ. ನಿನ್ನ ಹೆಸರ ಎಲ್ಲೂ ಇಲ್ಲ. ಆರಾಮ ಇರು.”

ಶಾಹಜಾದಬಿ ಬೈಕಿನ ಮುಂದೆ ಹೋಗಿ ಹ್ಯಾಂಡಲ್ ಹಿಡಿದಳು. ಕೆಮ್ಮು ಬಂತು. ಕೆಮ್ಮಿ ಮುಗಿಸಿದಳು.

“ಏನ್ ಛಲೋ ಆತಲೇ? ಈ ಮನೀ ಮಣ್ಣ ತುಳದಾಕಿ ನಾನು. ಗ್ವಾಡಿ ಏರಿಸಿದಾಕಿ ನಾನು. ಅಂವ ಹಾಸಿಗಿ ಹಿಡದು ಮಲಗಿದ್ದ, ಮ್ಯಾಲಿನ ತಗಡ ಹೊತ್ತು ತಂದಾಕಿ ನಾನು. ಒತ್ತುವರಿ ಮಾಡಿದಾಕಿ ನಾನು! ಸತ್ತಾಂವ ನಿನ್ನ ಕಾಗದದಾಗ ಅದಾನ, ಮುಂದ ನಿಂತಾಕಿ ಇಲ್ಲ? ತಗಿ ಪೆನ್ನು. ಬರಿ. ಶಾಹಜಾದಬಿ, ಗಂಡ ಶಾಮೀದಸಾಬ, ಊರು ಕರಿಹೊಂಡ.”

ಗುರುಬಸವ ನನ್ನ ಮುಖ ನೋಡಿದ. ಪೆನ್ನು ತೆಗೆದ. ಹಳೆಯ ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಬರೆದ. ಮುದುಕಿಗೆ ಓದು ಬಾರದು, ಕಣ್ಣೂ ಮಂಜು.

“ಓದು” ಎಂದಳು.

ಓದಿದ.

“ಇನ್ನೊಮ್ಮೆ ಓದು. ಎಲ್ಲಾರಿಗೂ ಕೇಳೂವಂಗ.”